ಸಂಜೆಯ ಎರಡು ಮಾತ್ರೆ

ನನ್ನ ತಮ್ಮ ವಿಲಿಸೋನಿ ತೀರಿಕೊಂಡ ಮೇಲೆಯೇ ಅವನ ಮನೆಯ ಒಳಕೋಣೆಯನ್ನು ನಾನು ಕಣ್ಣಾರೆ ಕಂಡದ್ದು. ನಮ್ಮ ಎರಡು ಮನೆಗಳ ನಡುವೆ ಇದ್ದದ್ದು ಒಂದು ದೀವಿಹಲಸಿನ ಮರ, ಅಷ್ಟೇ. ಆದರೆ ಅಕ್ಕ ಒಳಗೆ ಬಂದರೆ ತಮ್ಮ ಎದ್ದು ಹೊರಗೆ ಹೋಗಬೇಕು. ಒಂದೇ ಸೂರಿನ ಕೆಳಗೆ ಇಬ್ಬರೂ ಕೂತು ಹರಟುವ ಹಾಗಿಲ್ಲ. ಟೋಂಗಾದಲ್ಲಿ ಅಕ್ಕತಮ್ಮಂದಿರ ಮರ್ಯಾದೆ ಅದು. ಅವನು ತನ್ನ ಮನೆಯಿಂದಲೇ ಎದ್ದು ಹೋಗುವಂತಾಗಬಾರದೆಂದು ನಾನೇ ಹೋಗುವುದನ್ನು ಬಿಟ್ಟಿದ್ದೆ. ಅವನು ಹಬ್ಬಕ್ಕೆ ಮೊದಲ ಗೆಡ್ಡೆ ಕಿತ್ತರೆ ಅದು ನನ್ನ ಮನೆಗೆ ಬರುತ್ತಿತ್ತು, ಮೊದಲು ಬೇರೆ ಯಾರದೋ ಕೈಯಲ್ಲಿ, ಆಮೇಲೆ ಅವನ ಮಗಳ ಕೈಯಲ್ಲಿ. ನಲವತ್ತು ವರ್ಷ ಹಾಗೆಯೇ ನಡೆಯಿತು. ನವೆಂಬರಿನ ಒಂದು ಬೆಳಗ್ಗೆ ಅವನು ತೋಟದಲ್ಲಿ ಗುದ್ದಲಿಯ ಪಕ್ಕದಲ್ಲೇ ಕುಸಿದು ಬಿದ್ದ. ವಯಸ್ಸು ಐವತ್ತೊಂದು. ನನಗಿಂತ ಹದಿನಾರು ವರ್ಷ ಚಿಕ್ಕವನು. ನಾನು ಎತ್ತಿ ಆಡಿಸಿದ ಮಗು.

ದೇವರು ಕೊಟ್ಟ, ದೇವರು ಕರೆದುಕೊಂಡ ಎಂದು ಬಾಯಲ್ಲಿ ಹೇಳುತ್ತಿದ್ದೆ. ಮನಸ್ಸು ಅದನ್ನು ಹೇಳಲು ಬಹಳ ದಿನ ಬೇಕಾಯಿತು.

ಅವನ ಹೆಂಡತಿ ತೋಕಿಲುಪೆ, ಒಂಬತ್ತು ವರ್ಷದ ಮಗಳು ಲೆಸಿಯೆಲಿ ಇಬ್ಬರೇ ಉಳಿದರು. ನನ್ನ ಗಂಡ ಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹೊಸ ವರ್ಷದ ಪ್ರಾರ್ಥನೆಗಳು ಮುಗಿದ ವಾರ ನಾನು ನನ್ನ ಚಾಪೆ, ದಿಂಬು, ಪೆಟ್ಟಿಗೆ ಎತ್ತಿಕೊಂಡು ಮರದ ಈಚೆಗೆ ಬಂದುಬಿಟ್ಟೆ. ಬರಬೇಡಿ ಎನ್ನುವ ಹಕ್ಕು ಅಲ್ಲಿ ಯಾರಿಗೂ ಇರಲಿಲ್ಲ. ನಾನು ಮಗುವಿನ ಸೋದರತ್ತೆ. ನಮ್ಮಲ್ಲಿ ಅಣ್ಣತಮ್ಮಂದಿರ ಮಕ್ಕಳ ವಿಷಯದಲ್ಲಿ ಸೋದರತ್ತೆಯ ಮಾತೇ ಕೊನೆಯ ಮಾತು. ಹೆತ್ತ ತಾಯಿಯೂ ಅದನ್ನು ಮೀರುವುದಿಲ್ಲ.

ಲೆಸಿಯೆಲಿಗೆ ನಾಲ್ಕನೆಯ ವಯಸ್ಸಿನಿಂದ ಮೂರ್ಛೆ ಇತ್ತು. ನಮ್ಮ ಕಡೆ ಅದನ್ನು ಬೀಳುವ ರೋಗ ಎನ್ನುತ್ತಾರೆ. ರೋಗವಿದೆ ಎಂದು ನನಗೆ ಗೊತ್ತಿತ್ತು. ಅದರ ಜೊತೆ ದಿನ ಕಳೆಯುವುದು ಹೇಗೆಂದು ಗೊತ್ತಿರಲಿಲ್ಲ. ಅದೆಲ್ಲ ವಿಲಿಸೋನಿ ಮಾಡಿಟ್ಟ ಏರ್ಪಾಡು. ಬೆಳಗ್ಗೆ ರೇಡಿಯೊದಲ್ಲಿ ಪ್ರಾರ್ಥನೆಯ ಹಾಡು ಶುರುವಾದ ಕೂಡಲೇ ಒಂದು ಬಿಳಿ ಮಾತ್ರೆ, ಹಿಸುಕಿದ ಬಾಳೆಹಣ್ಣಿನ ಜೊತೆ. ಸಂಜೆ ಮನೆಯ ಪ್ರಾರ್ಥನೆ ಮುಗಿದ ಮೇಲೆ ಎರಡು. ಎಂಟು ಗಂಟೆಗೆ ನಿದ್ದೆ. ಮಂಚವಿಲ್ಲ, ನೆಲದ ಮೇಲೆ ಹಾಸಿಗೆ. ನೆಲದಲ್ಲಿ ತೋಡಿದ ಕುಳಿ ಒಲೆಯ ಬಳಿ ಅವಳು ಕೂರುವಂತಿಲ್ಲ. ಸಮುದ್ರಕ್ಕೆ ಇಳಿದರೆ ದೊಡ್ಡವರೊಬ್ಬರು ಕೈಗೆ ಸಿಗುವಷ್ಟು ಹತ್ತಿರ ನಿಂತಿರಬೇಕು. ಗೋಡೆಯ ಕ್ಯಾಲೆಂಡರಿನಲ್ಲಿ ಮೂರ್ಛೆ ಬಂದ ದಿನಕ್ಕೆ ಒಂದು ಸಣ್ಣ ಶಿಲುಬೆಯ ಗುರುತು, ಪಕ್ಕದಲ್ಲಿ ಎಷ್ಟು ನಿಮಿಷ ಎಂಬ ಅಂಕಿ. ಹಿಂದಿನ ವರ್ಷದ ಕ್ಯಾಲೆಂಡರನ್ನು ನಾನು ಕೆಳಗಿಳಿಸಿ ನೋಡಿದೆ. ಅವನಿದ್ದ ಅಷ್ಟೂ ತಿಂಗಳಿಗೆ ಮೂರೇ ಗುರುತು. ನಾಲ್ಕನೆಯದು ಅವನ ಮಣ್ಣಿನ ಮಾರನೆಯ ದಿನದ್ದು. ಅದನ್ನು ಬರೆದ ಕೈ ಲುಪೆಯದು.

ಲುಪೆ ಎಂದರೆ ತೋಕಿಲುಪೆ. ಮಾತು ಕಡಿಮೆ. ದೂರದ ಸಣ್ಣ ದ್ವೀಪದಿಂದ ಬಂದವಳು. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ನನ್ನೆದುರು ಕಾಲು ಚಾಚಿ ಕೂತವಳಲ್ಲ. ಮಾತ್ರೆಯ ಬಾಟಲಿ ಅವಳ ಸೊಂಟದ ಚೀಲದಲ್ಲೇ ಇರುತ್ತಿತ್ತು.

ಮಾರ್ಚ್ ತಿಂಗಳಲ್ಲಿ ನನ್ನ ತಲೆಗೆ ಮಕ್ಕಳ ಭಾನುವಾರದ ಯೋಚನೆ ಹತ್ತಿತು. ಮೇ ತಿಂಗಳ ಮೊದಲ ಭಾನುವಾರ ಊರಿನ ಮಕ್ಕಳೆಲ್ಲ ಬಿಳಿ ಬಟ್ಟೆ ತೊಟ್ಟು ಚರ್ಚಿನಲ್ಲಿ ಎದ್ದು ನಿಂತು ದೇವರ ವಾಕ್ಯಗಳನ್ನು ಬಾಯಿಪಾಠ ಹೇಳುವ ದಿನ ಅದು. ವಿಲಿಸೋನಿ ಒಂಬತ್ತರ ಹುಡುಗನಾಗಿದ್ದಾಗ ಹದಿನಾರು ಸಾಲಿನ ಒಂದು ಕೀರ್ತನೆಯನ್ನು ಉಸಿರು ಸಹ ಎಳೆಯದವನಂತೆ ಹೇಳಿ ಮುಗಿಸಿದ್ದ. ಅವನಿಗೆ ಕಲಿಸಿದವಳು ನಾನು. ಅವನು ಹೋದ ವರ್ಷ ಅವನ ಮಗಳು ಅದೇ ಹದಿನಾರು ಸಾಲನ್ನು ಹೇಳಬೇಕು ಎಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ. ಬೇರೇನೂ ಬೇಕಿರಲಿಲ್ಲ.

ಹುಡುಗಿಯ ಬಾಯಿಗೆ ಆ ಸಾಲುಗಳು ಹತ್ತಲೇ ಇಲ್ಲ. ಆರು ಸಾಲು ಸರಿಯಾಗಿ ಬರುತ್ತಿತ್ತು, ಏಳನೆಯದಕ್ಕೆ ಕಣ್ಣು ತೇಲುತ್ತಿತ್ತು. ಬೆಳಗ್ಗೆ ಎಬ್ಬಿಸಿದರೆ ಒದ್ದೆ ಬಟ್ಟೆಯ ಹಾಗೆ ಕೈಯಲ್ಲಿ ಜೋತಾಡುತ್ತಿದ್ದಳು. ಶಾಲೆಯಲ್ಲೂ ಮಧ್ಯಾಹ್ನದ ಪಾಠಕ್ಕೆ ಮೇಜಿನ ಮೇಲೆ ತಲೆ ಇಟ್ಟು ಮಲಗುತ್ತಾಳೆಂದು ಮೇಷ್ಟ್ರು ಹೇಳಿ ಕಳಿಸಿದರು.

"ಅತ್ತೆ, ನಂಗೆ ಬರುತ್ತೆ, ಆದ್ರೆ ಪದ ಎಲ್ಲ ಹಿಂದೆ ಹೋಗಿ ಕೂತ್ಕೊಳ್ತವೆ. ಕರೆದ್ರೆ ಬರಲ್ಲ" ಎಂದಳು ಲೆಸಿಯೆಲಿ.

"ಹಿಂದೆ ಅಂದ್ರೆ ಎಲ್ಲಿ?"

"ಇಲ್ಲಿ" ಎಂದು ಕುತ್ತಿಗೆಯ ಹಿಂಭಾಗ ಮುಟ್ಟಿ ತೋರಿಸಿದಳು. "ಹತ್ತಿ ತುಂಬಿದ ಹಾಗಿದೆ."

ಮಾತ್ರೆಯಿಂದ ಹಾಗಾಗುತ್ತದೆ, ಮಂಪರು ಅದರ ಗುಣ ಎಂದು ಲುಪೆ ಮೆಲ್ಲಗೆ ಹೇಳಿದಳು. ನಾನು ಆ ಮಾತನ್ನು ಹಿಡಿದುಕೊಂಡೆ. ಆದರೆ ನಾನು ಬಂದ ಮೇಲೆ ಎಂಟು ಗಂಟೆಯ ನಿದ್ದೆ ಹತ್ತಕ್ಕೆ ಹೋಗಿತ್ತು. ಪಾಠ ಒಪ್ಪಿಸಿದ ಹೊರತು ನಾನು ಮಗುವನ್ನು ಮಲಗಲು ಬಿಡುತ್ತಿರಲಿಲ್ಲ. ಆಗ ಅದು ನನಗೆ ಲೆಕ್ಕಕ್ಕೇ ಬರಲಿಲ್ಲ.

ನಾವು ಹೆಂಗಸರು ಕೇದಗೆ ಎಲೆಯ ಚಾಪೆ ಹೆಣೆಯಲು ಸಭಾಭವನದಲ್ಲಿ ಕೂರುತ್ತೇವೆ. ಏಪ್ರಿಲ್ ಕೊನೆಯ ವಾರ ಅಲ್ಲಿ ವೈಸಿನಿಯಾ ಎಂಬವಳು, ನನ್ನ ವಾರಿಗೆಯವಳು, ಎಲೆ ಸೀಳುತ್ತಾ ಕೇಳಿದಳು:

"ಮಾಕೆಲೆಸಿ, ನಿಮ್ಮ ಹುಡುಗಿ ಈ ಸಲ ಏನು ಹೇಳ್ತಾಳೆ? ಹೋದ ವರ್ಷದ ಹಾಗೆ 'ದೇವರು ಪ್ರೀತಿ' ಅಂತ ಎರಡು ಪದ ಹೇಳಿ ಕೂತ್ಬಿಡ್ತಾಳಾ?"

"ಹದಿನಾರು ಸಾಲು ಹೇಳ್ತಾಳೆ. ಅವಳಪ್ಪ ಹೇಳಿದ್ದನ್ನೇ" ಎಂದೆ.

"ಅಯ್ಯೋ, ಹಾಗಾದ್ರೆ ನಾವು ದಿಂಬು ತರ್ತೀವಿ. ಅವಳು ಆರನೇ ಸಾಲಿಗೆ ನಿದ್ದೆ ಹೋದ್ರೆ ತಲೆ ಕೆಳಗೆ ಇಡೋಕೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಚಾಪೆಯ ಅಂಚು ಆ ದಿನ ನನ್ನ ಕೈಯಲ್ಲಿ ಸೊಟ್ಟಗಾಯಿತು, ಬಿಚ್ಚಿ ಮತ್ತೆ ಹೆಣೆದೆ.

ಶನಿವಾರ ಸಂಜೆ, ಮಕ್ಕಳ ಭಾನುವಾರಕ್ಕೆ ಎಂಟು ದಿನ ಉಳಿದಿದ್ದಾಗ, ಪ್ರಾರ್ಥನೆ ಮುಗಿದು ಲುಪೆ ಬಾಟಲಿ ಬಿಚ್ಚಿದಳು. ನಾನು ಕೈ ಅಡ್ಡ ಹಿಡಿದೆ.

"ಸಂಜೆಯ ಎರಡು ಬೇಡ. ಭಾನುವಾರ ಕಳೆಯೋ ತನಕ ಬೆಳಗಿನದ್ದೊಂದೇ ಸಾಕು."

ಲುಪೆಯ ಕೈ ಹಾಗೇ ನಿಂತಿತು. "ಅತ್ತಿಗೆ, ಇದನ್ನ ನಿಲ್ಲಿಸಬಾರದು ಅಂತ ನರ್ಸು ಹೇಳಿದ್ದಾರೆ. ಅವರು ಒಂದು ದಿನಾನೂ ಬಿಡ್ತಿರಲಿಲ್ಲ."

ಅವರು ಎಂದರೆ ನನ್ನ ತಮ್ಮ.

"ಅವನು ಗಂಡಸು, ಹೆದರಿ ಹೆದರಿ ಕೊಟ್ಟ. ಮಗು ಹೇಗಾಗಿದೆ ನೋಡು. ಎಂಟು ದಿನಕ್ಕೆ ಏನೂ ಆಗಲ್ಲ. ನಾನು ಪ್ರಾರ್ಥನೆ ಮಾಡ್ತೀನಿ."

"ನಾಳೆ ಒಂದು ಸಲ ನರ್ಸ್ ಫಿಪೆ ಹತ್ರ ಕೇಳಿ..."

"ನನ್ನ ತಮ್ಮನ ಮಗಳ ವಿಷಯ ಊರಿನವರ ಹತ್ರ ಕೇಳ್ಬೇಕಾ ನಾನು?"

ಲುಪೆ ತಲೆ ತಗ್ಗಿಸಿದಳು. ಬಾಟಲಿಯ ಮುಚ್ಚಳ ತಿರುಗಿಸಿ ಚೀಲಕ್ಕೆ ಹಾಕಿದಳು. "ನಿಮ್ಮ ಮಾತು ಅತ್ತಿಗೆ" ಎಂದಳು. ನಮ್ಮ ಜನರಲ್ಲಿ ಅದಕ್ಕಿಂತ ಹೆಚ್ಚು ಹೇಳುವ ದಾರಿ ಅವಳಿಗಿರಲಿಲ್ಲ. ಆ ಎಂಟು ದಿನವೂ ಅವಳು ಮಗುವಿನ ಹಾಸಿಗೆಯ ಪಕ್ಕದಲ್ಲಿ ಬರಿಯ ನೆಲದ ಮೇಲೆ ಮಲಗಲು ನಿಶ್ಚಯಿಸಿದಳೆಂದು ನನಗೆ ಆಮೇಲೆ ತಿಳಿಯಿತು.

ಸೋಮವಾರದ ಹೊತ್ತಿಗೆ ಮಗುವಿನ ಮುಖದಲ್ಲಿ ಬೆಳಕು ಬಂತು. ಈ ಮಾತನ್ನು ನಾನು ಮುಚ್ಚಿಡುವುದಿಲ್ಲ. ಅವಳು ತಾನಾಗಿಯೇ ಎದ್ದಳು, ಹಂದಿಮರಿಗಳ ಹಿಂದೆ ಓಡಿದಳು, ನನ್ನ ನಡಿಗೆಯನ್ನು ಅಣಕಿಸಿ ತೋರಿಸಿದಳು. ಮಂಗಳವಾರ ಹನ್ನೆರಡು ಸಾಲು ಹೇಳಿದಳು. ಬುಧವಾರ ಹದಿನಾರೂ ಹೇಳಿ, "ಅತ್ತೆ, ಈಗ ವೈಸಿನಿಯಾ ಅಜ್ಜಿ ದಿಂಬಿನ ಮೇಲೆ ಅವರೇ ಮಲಗ್ಲಿ!" ಎಂದು ಕುಣಿದಳು. ಸಭಾಭವನದ ಮಾತು ಮಕ್ಕಳ ಕಿವಿಗೂ ಬಿದ್ದಿತ್ತು. ನಾನು ಮೊಣಕಾಲೂರಿ ದೇವರಿಗೆ ವಂದನೆ ಹೇಳಿದೆ. ನನ್ನ ತೀರ್ಮಾನಕ್ಕೆ ಅವನು ಒಪ್ಪಿಗೆ ಕೊಟ್ಟನೆಂದೇ ತಿಳಿದೆ.

ಲುಪೆ ನಗಲಿಲ್ಲ. ಬುಧವಾರ ಮಧ್ಯಾಹ್ನ ಒಗೆದ ಬಟ್ಟೆ ಮಡಿಸುತ್ತಾ, "ಅನ್ನದ ತಟ್ಟೆ ಎರಡು ಸಲ ಕೈ ಜಾರಿತು ಅವಳಿಗೆ. ಭುಜ ಜರ್ ಅಂತ ಎಗರ್ತಿದೆ" ಎಂದಳು.

"ಮಕ್ಕಳು ಅಂದ್ಮೇಲೆ ಬೀಳಿಸ್ತಾರೆ" ಎಂದೆ.

ಗುರುವಾರ ಬೆಳಗ್ಗೆ ರೇಡಿಯೊದಲ್ಲಿ ಹಾಡು ಇನ್ನೂ ಶುರುವಾಗಿರಲಿಲ್ಲ. ಲೆಸಿಯೆಲಿ ಬಾಗಿಲ ಬಳಿ ನಿಂತು ಜಡೆ ಹಾಕಿಸಿಕೊಳ್ಳುತ್ತಿದ್ದಳು. ನನ್ನ ಕೈಯಲ್ಲೇ ಅವಳ ಕೂದಲಿತ್ತು. ಇದ್ದಕ್ಕಿದ್ದಂತೆ ಅವಳ ತಲೆ ಒಂದು ಕಡೆಗೆ ತಿರುಗಿತು. ಯಾರೋ ಕರೆದರೇನೋ ಎಂದು ನಾನೂ ಆ ಕಡೆ ನೋಡಿದೆ. ಆಮೇಲೆ ಗಂಟಲಿನಿಂದ ಒಂದು ಕೂಗು ಬಂತು, ಮಗುವಿನ ದನಿಯಂತಿರಲಿಲ್ಲ. ಮೈ ಹಲಗೆಯಂತೆ ಸೆಟೆದು ನನ್ನ ಮೇಲೆ ಬಿತ್ತು.

ಅರವತ್ತೇಳು ವರ್ಷ ಬದುಕಿದ್ದೆ. ಹಡೆದವರ ಪಕ್ಕ ಕೂತಿದ್ದೆ, ಸಾಯುವವರ ಪಕ್ಕ ಕೂತಿದ್ದೆ. ಇದನ್ನು ನೋಡಿರಲಿಲ್ಲ. ಅವಳ ಹಲ್ಲು ಕಚ್ಚಿಕೊಂಡಿತ್ತು, ತುಟಿ ನೀಲಿಯಾಯಿತು, ಕೈಕಾಲು ಅದುರತೊಡಗಿತು. ನಾಲಿಗೆ ಕಡಿದುಕೊಳ್ಳುತ್ತಾಳೆಂದು ನಾನು ಮರದ ಚಮಚ ಎಳೆದುಕೊಂಡು ಬಾಯಿಗೆ ತುರುಕಲು ಹೋದೆ.

"ಬಿಡಿ!"

ಲುಪೆಯ ದನಿ ಅದು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವಳು ನನ್ನ ಕೈ ಹಿಡಿದು ತಳ್ಳಿದಳು. "ಬಾಯಿಗೆ ಏನೂ ಹಾಕ್ಬೇಡಿ. ಕೈಕಾಲು ಹಿಡೀಬೇಡಿ. ಸರೀರಿ ಆಚೆ."

ನಾನು ಸರಿದೆ. ಅವಳು ಮಗುವನ್ನು ಮಗ್ಗುಲಿಗೆ ಹೊರಳಿಸಿ, ಸೂತಕಕ್ಕೆಂದು ಹೊದ್ದಿದ್ದ ಕಪ್ಪು ವಸ್ತ್ರವನ್ನು ಮಡಿಸಿ ತಲೆಯ ಕೆಳಗಿಟ್ಟಳು. ತಾನು ಕಟ್ಟಿಕೊಂಡಿದ್ದ ವಿಲಿಸೋನಿಯ ಕೈಗಡಿಯಾರ ಬಿಚ್ಚಿ ನೆಲದ ಮೇಲೆ ಮಗುವಿನ ಮುಖದ ಪಕ್ಕದಲ್ಲಿಟ್ಟು ನೋಡುತ್ತಾ ಕೂತಳು. ಜೊಲ್ಲು ಒರೆಸಿದಳು. "ಅಮ್ಮ ಇಲ್ಲೇ ಇದೀನಿ, ಇಲ್ಲೇ ಇದೀನಿ" ಎನ್ನುತ್ತಿದ್ದಳು. ರೇಡಿಯೊದಲ್ಲಿ ಹಾಡು ಶುರುವಾಯಿತು, ಮುಗಿಯಿತು.

"ಐದು ನಿಮಿಷ ಆಯ್ತು" ಎಂದಳು ಲುಪೆ. "ನಿಲ್ತಾ ಇಲ್ಲ. ಅತ್ತಿಗೆ, ಪಕ್ಕದ ಮನೆಗೆ ಓಡಿ. ಗಾಡಿ ತೆಗೀಲಿ ಅಂತ ಹೇಳಿ."

ಓಡಿದೆ. ಮಂಡಿ ನೋವು ನೆನಪಿಗೇ ಬರಲಿಲ್ಲ.

ಊರಿನ ಆರೋಗ್ಯ ಕೇಂದ್ರ ಗುಡ್ಡದ ಆಚೆ ಬದಿಗಿದೆ, ಗಾಡಿಯಲ್ಲಿ ಸ್ವಲ್ಪವೇ ಹೊತ್ತಿನ ದಾರಿ. ನರ್ಸ್ ಫಿಪೆ ಇನ್ನೂ ಒದ್ದೆ ಕೂದಲಲ್ಲೇ ಬಂದು, ಒಂದು ಸಣ್ಣ ಕೊಳವೆಯ ಔಷಧಿಯನ್ನು ಮಗುವಿನ ಕೆನ್ನೆಯ ಒಳಬದಿಗೆ ಹಿಂಡಿದಳು. ಅದುರುವಿಕೆ ನಿಧಾನವಾಯಿತು, ನಿಂತಿತು. ಮಗು ದೀರ್ಘವಾಗಿ ಉಸಿರೆಳೆದು ಗೊರಕೆ ಹೊಡೆಯಿತು. ಲುಪೆ ಗಡಿಯಾರ ನೋಡಿ, "ಹದಿನಾಲ್ಕು ನಿಮಿಷ" ಎಂದಳು. ಆಮೇಲೆ ಗೋಡೆಗೆ ಒರಗಿ ಕೂತಳು.

ಫಿಪೆ ನಮ್ಮೂರಿನ ಹುಡುಗಿಯೇ. ಅವಳಿಗೆ ಭಾನುವಾರದ ಪಾಠ ಕಲಿಸಿದವಳೂ ನಾನೇ. ಮಗುವಿನ ನಾಡಿ, ಜ್ವರ, ಕಣ್ಣು ಎಲ್ಲ ನೋಡಿ, ಕಾಗದ ತೆಗೆದುಕೊಂಡು ಕೂತಳು.

"ಇಷ್ಟು ಹೊತ್ತು ಯಾವತ್ತೂ ಬಂದಿರ್ಲಿಲ್ಲ ಅಲ್ವಾ ಅಕ್ಕಾ? ಜ್ವರ ಇತ್ತಾ? ಮಾತ್ರೆ ಏನಾದ್ರೂ ತಪ್ಪಿತ್ತಾ?"

ಲುಪೆ ನನ್ನ ಕಡೆ ನೋಡಲಿಲ್ಲ. ನೆಲ ನೋಡಿದಳು.

"ತಪ್ಪಿತ್ತು" ಎಂದಳು. "ನಿನ್ನೆ ಸಂಜೆದು. ನಾನು ಮರೆತೆ."

"ಮರೆತ್ರಾ? ನೀವು?" ಫಿಪೆ ಪೆನ್ನು ಕೆಳಗಿಟ್ಟಳು. "ಅಣ್ಣ ಹೋದ್ಮೇಲೆ ನಿಮ್ಮ ಮನಸ್ಸು ಸರಿ ಇಲ್ಲ, ಅರ್ಥ ಆಗುತ್ತೆ. ಆದ್ರೆ ಇದನ್ನ ಮರೆಯೋ ಹಾಗಿಲ್ಲ ಅಕ್ಕಾ. ಮಗು ಜೀವ ಇದು. ತಾಯಿ ಆಗಿ ನೀವೇ ಹೀಗೆ ಮಾಡಿದ್ರೆ ಹೇಗೆ?"

"ತಪ್ಪಾಯ್ತು" ಎಂದಳು ಲುಪೆ.

ಫಿಪೆ ಇನ್ನೂ ಎರಡು ಮಾತು ಬೈದಳು. ಬೈಗುಳ ಕೇಳುತ್ತಾ ಲುಪೆ ಮಗುವಿನ ಕಾಲಿಗೆ ಅಂಟಿದ ಮಣ್ಣನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದಳು. ನಾನು ಬೆಂಚಿನ ಮೇಲೆ ಕೂತಿದ್ದೆ. ಸೋದರತ್ತೆಯ ಹೆಸರಿಗೆ ಕಲೆ ಬರಬಾರದು, ಬಂದರೆ ಅದು ಸತ್ತ ತಮ್ಮನ ಹೆಸರಿಗೂ ಕಲೆ. ಅದಕ್ಕಾಗಿ ಅವಳು ಸುಳ್ಳು ಹೇಳಿದ್ದಳು. ಅವಳ ಜಾಗದಲ್ಲಿ ನಮ್ಮ ಯಾವ ಹೆಣ್ಣು ಇದ್ದರೂ ಅದನ್ನೇ ಹೇಳುತ್ತಿದ್ದಳು. ಆ ಸುಳ್ಳು ನನಗೆ ಆ ಗಳಿಗೆಯಲ್ಲಿ ಹಿತವಾಗಿತ್ತು. ದೇವರು ನೋಡಿದ್ದಾನೆ, ಹಾಗಾಗಿ ಬರೆಯುತ್ತೇನೆ. ನಾನು ಬಾಯಿ ಮುಚ್ಚಿಕೊಂಡಿದ್ದೆ.

ಫಿಪೆ ಪಟ್ಟಣದ ಆಸ್ಪತ್ರೆಯ ಡಾಕ್ಟರಿಗೆ ಫೋನ್ ಮಾಡಲು ಎದ್ದಳು.

"ಒಂದು ಹೊತ್ತು ತಪ್ಪಿದ್ದಕ್ಕೇ ಹದಿನಾಲ್ಕು ನಿಮಿಷ ಅಂದ್ರೆ ಈಗಿನ ಔಷಧಿ ಅವಳಿಗೆ ಸಾಲ್ತಿಲ್ಲ ಅಂತ ಅರ್ಥ" ಎಂದಳು. "ಅವಳು ಬೆಳೀತಿದಾಳೆ, ತೂಕ ಹೆಚ್ಚಾಗಿದೆ. ಡಾಕ್ಟರು ಪ್ರಮಾಣ ಏರಿಸಿ ಅಂತಾರೆ. ಬೆಳಗ್ಗೆ ಎರಡು, ಸಂಜೆ ಮೂರು ಆಗ್ಬಹುದು."

ಲುಪೆಯ ಕೈ ನಿಂತಿತು. ಆದರೂ ಅವಳು ಬಾಯಿ ಬಿಡಲಿಲ್ಲ.

ಮೂರು ಮಾತ್ರೆಗೇ ಮಗು ಮೇಜಿನ ಮೇಲೆ ತಲೆ ಇಟ್ಟು ಮಲಗುತ್ತಿತ್ತು. ಐದು ಕೊಟ್ಟರೆ? ನಾನು ಬಾಯಿ ಮುಚ್ಚಿಕೊಂಡಷ್ಟು ಹೊತ್ತು ಆ ಹೆಚ್ಚಿನ ಎರಡು ಮಾತ್ರೆ ನನ್ನ ಮಾನ ಕಾಯಲು ಮಗುವಿನ ಹೊಟ್ಟೆಗೆ ಹೋಗುತ್ತದೆ. ಇಷ್ಟು ಸಣ್ಣ ಲೆಕ್ಕ ನನಗೆ ಅರ್ಥವಾಗಲು ಫಿಪೆ ಬಾಗಿಲವರೆಗೆ ಹೋಗಬೇಕಾಯಿತು.

"ಫಿಪೆ, ನಿಲ್ಲು" ಎಂದೆ. "ಅವಳು ಮರೀಲಿಲ್ಲ. ನಾನು ಬೇಡ ಅಂದೆ."

"ಏನಂದ್ರಿ ಅಮ್ಮಾ?"

"ಶನಿವಾರದಿಂದ ಸಂಜೆ ಮಾತ್ರೆ ಕೊಟ್ಟಿಲ್ಲ. ಐದು ಸಂಜೆ. ನಾನೇ ನಿಲ್ಲಿಸಿದ್ದು. ಹದಿನಾರು ಸಾಲು ಬಾಯಿಪಾಠ ಬರ್ಲಿ ಅಂತ."

"ಅತ್ತಿಗೆ, ಸುಮ್ಮನಿರಿ" ಎಂದಳು ಲುಪೆ ಮೆಲ್ಲಗೆ.

"ಸುಮ್ಮನಿದ್ದದ್ದು ಸಾಕು. ಬಾಟಲಿ ಕೊಡು ಅವಳಿಗೆ, ಎಣಿಸಿ ನೋಡ್ಲಿ."

ಫಿಪೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಬಾಗಿಲಿಂದ ಬಂದು ಮತ್ತೆ ಕೂತಳು. ಮೊದಲು ಬರೆದದ್ದಕ್ಕೆ ಗೀಟು ಎಳೆದು ಹೊಸದಾಗಿ ಬರೆದಳು.

"ಹಾಗಾದ್ರೆ ಔಷಧಿ ಸಾಲ್ತಿಲ್ಲ ಅಂತಲ್ಲ. ಔಷಧಿ ಇರ್ಲಿಲ್ಲ" ಎಂದಳು. "ಇದನ್ನ ಹೀಗೆ ಒಂದೇ ಸಲಕ್ಕೆ ಕಿತ್ತುಹಾಕಿದ್ರೆ ತಲೆಯೊಳಗೆ ತಡೆದು ನಿಲ್ಲಿಸಿದ್ದೆಲ್ಲ ಒಟ್ಟಿಗೆ ನುಗ್ಗುತ್ತೆ. ಹೇಳಿದ್ದು ಒಳ್ಳೇದಾಯ್ತು ಅಮ್ಮಾ. ಪ್ರಮಾಣ ಏರಿಸೋ ಮಾತು ಬೇಡ, ಮೊದಲಿನ ಹಾಗೇ ಕೊಡೋಣ ಅಂತ ಡಾಕ್ಟರಿಗೆ ಹೇಳ್ತೀನಿ." ಆಮೇಲೆ ಲುಪೆಯ ಕಡೆ ತಿರುಗಿ, "ನಿಮ್ಮನ್ನ ಬೈದದ್ದು ವಾಪಸ್ ತಗೊಂಡೆ ಅಕ್ಕಾ. ಅದರಲ್ಲಿ ಅರ್ಧ ಮಾತ್ರ. ಸುಳ್ಳು ಹೇಳಿದ್ದಕ್ಕೆ ಉಳಿದರ್ಧ ನಿಮ್ಮ ಹತ್ರಾನೇ ಇರ್ಲಿ" ಎಂದಳು.

ಅಳುತ್ತಲೇ ಲುಪೆ ನಕ್ಕಳು.

ಒಂದು ರಾತ್ರಿ ಪಟ್ಟಣದ ಆಸ್ಪತ್ರೆಯಲ್ಲಿ ಇಟ್ಟುಕೊಂಡು, ಶುಕ್ರವಾರ ಸಂಜೆ ಮನೆಗೆ ಕಳಿಸಿದರು. ಆ ವರ್ಷದ ಮಕ್ಕಳ ಭಾನುವಾರ ಲೆಸಿಯೆಲಿ ಬಿಳಿ ಬಟ್ಟೆ ತೊಟ್ಟು ನನ್ನ ತೊಡೆಗೆ ಒರಗಿ ಕೂತಿದ್ದಳು. ಎದ್ದು ನಿಂತು ಹೇಳಲಿಲ್ಲ. ಅವಳ ಸರದಿ ಬಂದಾಗ ಪಾದ್ರಿಗಳು ಅವಳ ಹೆಸರು ಮಾತ್ರ ಹೇಳಿ ಮುಂದಿನ ಮಗುವನ್ನು ಕರೆದರು. ವೈಸಿನಿಯಾ ಚರ್ಚಿನ ಹೊರಗೆ ಅವಳಿಗೆ ಒಂದು ತಟ್ಟೆ ತುಂಬ ಬೇಯಿಸಿದ ಕೋಳಿ, ತೆಂಗಿನ ಹಾಲಲ್ಲಿ ಬೆಂದ ಕೆಸವಿನ ಎಲೆ ತಂದುಕೊಟ್ಟಳು. ನನ್ನ ಮುಖ ನೋಡದೆ, "ತಿನ್ನು ಮಗಾ, ದೊಡ್ಡವರಿಗೆ ಕೊಡ್ಬೇಡ" ಎಂದಳು.

ಅದರ ಮುಂದಿನ ವಾರ ನಾನು ಲುಪೆಯನ್ನು ಕರೆದು ಎದುರಿಗೆ ಕೂರಿಸಿಕೊಂಡೆ.

"ನೋಡು, ಈ ಮಾತ್ರೆ, ನಿದ್ದೆ, ಸಮುದ್ರಸ್ನಾನ, ಇವುಗಳಲ್ಲಿ ಇನ್ಮೇಲೆ ನಿನ್ನ ಮಾತೇ ಮಾತು. ನಾನು ಏನಾದ್ರೂ ಅಡ್ಡ ಹೇಳಿದ್ರೆ ಕೇಳ್ಬೇಡ."

"ಅದು ಹೇಗೆ ಅತ್ತಿಗೆ? ನಿಮ್ಮ ಮಾತು ಮೀರೋಕಾಗುತ್ತಾ?"

"ಸೋದರತ್ತೆಯಾಗಿ ಅಪ್ಪಣೆ ಮಾಡ್ತಿದೀನಿ, ಮೀರು ಅಂತ."

"ಹಾಗಾದ್ರೆ ಮೀರಿದ್ರೂ ನಿಮ್ಮ ಮಾತೇ ಕೇಳಿದ ಹಾಗಾಯ್ತಲ್ಲ" ಎಂದಳು. ತುಟಿಯ ಅಂಚಿನಲ್ಲಿ ನಗು ಇತ್ತು. ಅವಳಿಗೆ ಹೀಗೆ ಮಾತಾಡಲು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ನನ್ನ ತಮ್ಮ ಅವಳ ಜೊತೆ ಎಷ್ಟು ನಕ್ಕಿರಬೇಕು ಎಂದು ಅಂದು ಮೊದಲ ಸಲ ಯೋಚಿಸಿದೆ.

ಎಂಟು ಗಂಟೆಯ ನಿದ್ದೆ ಮತ್ತೆ ಎಂಟಕ್ಕೆ ಬಂತು. ಅರ್ಧ ಮಂಪರು ಅದರಿಂದಲೇ ಹೋಯಿತು. ಜೂನ್ ತಿಂಗಳಲ್ಲಿ ಬಂದ ದೊಡ್ಡ ಡಾಕ್ಟರು ಉಳಿದರ್ಧಕ್ಕಾಗಿ ಬೇರೆ ಮಾತ್ರೆ ಬರೆದರು. ಹೊಸದನ್ನು ವಾರಕ್ಕಿಷ್ಟೆಂದು ಏರಿಸುತ್ತಾ ಹಳೆಯದನ್ನು ಅಷ್ಟಷ್ಟೇ ಇಳಿಸುತ್ತಾ ಬರಲು ಎರಡು ತಿಂಗಳು ಹಿಡಿಯಿತು. ಹೊಸದಕ್ಕೂ ಅದರದ್ದೇ ಗುಣವಿದೆ. ಮೊದಲ ವಾರಗಳಲ್ಲಿ ಹುಡುಗಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಬಾಚಣಿಗೆ ಎಸೆದಳು, ನನ್ನನ್ನು ಮುದಿ ಆಮೆ ಎಂದಳು. ನಾನು ಬಾಯಿ ತೆರೆಯುವ ಮೊದಲೇ ಲುಪೆ ಅದು ಮಾತ್ರೆಯ ಮಾತು, ಮಗುವಿನದ್ದಲ್ಲ ಎಂದಳು.

"ಮುದಿ ಅನ್ನೋದು ಮಾತ್ರೆದು" ಎಂದಳು ಲೆಸಿಯೆಲಿ. "ಆಮೆ ಅನ್ನೋದು ನಂದು."

ಆ ಸಿಟ್ಟೂ ದಿನ ಕಳೆದಂತೆ ಇಳಿಯಿತು. ಕ್ಯಾಲೆಂಡರಿನಲ್ಲಿ ಜುಲೈಗೆ ಒಂದು ಶಿಲುಬೆ, ಎರಡು ನಿಮಿಷ. ಆಗಸ್ಟಿಗೆ ಇಲ್ಲ. ಸೆಪ್ಟೆಂಬರಿಗೆ ಒಂದು, ಒಂದೂವರೆ ನಿಮಿಷ.

ನವೆಂಬರಿನಲ್ಲಿ ವಿಲಿಸೋನಿ ಹೋಗಿ ವರ್ಷ ತುಂಬಿತು. ಕಪ್ಪು ಬಟ್ಟೆ ಬಿಡುವ ದಿನ. ನಮ್ಮ ಕುಲದವರೆಲ್ಲ ಸೇರಿದರು. ಇಡೀ ಕುಲದ ಕೂಟವಾದ್ದರಿಂದ ಅಂದು ಎಲ್ಲರೂ ಒಂದೇ ಸೂರಿನ ಕೆಳಗೆ, ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಮನೆ ತುಂಬ ಚಾಪೆ ಹಾಸಿತ್ತು. ಸಮಾಧಿಗೆ ಹೋಗಿ ಹೂವಿಟ್ಟು, ಹಾಡಿ, ಊಟ ಮುಗಿಸಿ ಕೂತಿದ್ದೆವು. ಪದ್ಧತಿಯಂತೆ ನಾನು ಎತ್ತರದ ಜಾಗದಲ್ಲಿ, ದಪ್ಪ ಚಾಪೆಯ ಮೇಲೆ. ಲುಪೆ ಬಾಗಿಲ ಬಳಿ, ತಟ್ಟೆಗಳ ನಡುವೆ.

ನನ್ನ ದೊಡ್ಡಪ್ಪನ ಮಗ ಒಫೆಂಗಾಕಿ ಮಾತು ತೆಗೆದ. ಒಳ್ಳೆಯ ಮನುಷ್ಯ. ಪಕ್ಕದ ದ್ವೀಪದಲ್ಲಿ ಎಲೆ ಔಷಧಿ ಕೊಡುವ ಮುದುಕಿಯೊಬ್ಬಳಿದ್ದಾಳೆ, ಬೀಳುವ ರೋಗವನ್ನು ಹತ್ತು ದಿನದಲ್ಲಿ ಬಿಡಿಸುತ್ತಾಳೆ ಎಂದ. ಆದರೆ ಅವಳ ಔಷಧಿ ನಡೆಯುವಾಗ ಆಸ್ಪತ್ರೆಯ ಮಾತ್ರೆ ಹೊಟ್ಟೆಯಲ್ಲಿರಬಾರದು.

"ಹತ್ತೇ ದಿನ ಅಕ್ಕಾ" ಎಂದ ನನಗೆ. "ನಾನೇ ದೋಣಿ ಖರ್ಚು ನೋಡ್ಕೊಳ್ತೀನಿ. ವಿಲಿಸೋನಿ ಮಗಳಲ್ವಾ? ಜೀವನ ಪೂರ್ತಿ ಮಾತ್ರೆ ನುಂಗ್ತಾ ಕೂರ್ಬೇಕಾ? ನೀವು ಹೂಂ ಅಂದ್ರೆ ನಾಳೇನೇ ಹೊರಡೋಣ."

ಎಲ್ಲರೂ ನನ್ನ ಮುಖ ನೋಡಿದರು. ನಾನು ಹೂಂ ಎಂದರೆ ಹೂಂ, ಬೇಡವೆಂದರೆ ಬೇಡ. ಬೇಡ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಅದನ್ನು ಹೇಳುವುದು ಸುಲಭವಿತ್ತು. ಆದರೆ ಅರವತ್ತೆಂಟರ ಮೇಲೆ ನನಗಿನ್ನೆಷ್ಟು ದಿನ? ನಾನು ಹೋದ ಮೇಲೆ ಈ ಜಾಗದಲ್ಲಿ ಕೂರುವ, ವರಸೆಯಲ್ಲಿ ಸೋದರತ್ತೆಯಾಗುವ ಕುಲದ ಇನ್ನೊಬ್ಬಳು ಹೂಂ ಎಂದುಬಿಟ್ಟರೆ?

"ಈ ವಿಷಯ ನನ್ನನ್ನ ಕೇಳ್ಬೇಡ" ಎಂದೆ. "ಲುಪೆಯನ್ನ ಕೇಳು. ಮಗು ಔಷಧಿ ವಿಚಾರದಲ್ಲಿ ಈ ಕುಲದಲ್ಲಿ ಅವಳ ಮಾತೇ ಕೊನೇದು. ನಾನು ಕೊಟ್ಟಿದೀನಿ."

ಮನೆಯೊಳಗೆ ಬೀಸಣಿಗೆಗಳು ನಿಂತವು. ಒಫೆಂಗಾಕಿ ನಾನು ತಮಾಷೆ ಮಾಡುತ್ತಿದ್ದೇನೆಯೇ ಎಂದು ನೋಡಿದ. ಮತ್ತೆ ಬಾಗಿಲ ಕಡೆ ನೋಡಿದ. ಗಂಡನ ಕುಲದವರ ಎದುರು ಲುಪೆ ಯಾವತ್ತೂ ಮಾತಾಡಿದವಳಲ್ಲ. ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. ಕುತ್ತಿಗೆ ಕೆಂಪಾಯಿತು. ಅವಳು ಅತ್ತುಬಿಡುತ್ತಾಳೆಂದು ನಾನು ಹೆದರಿದೆ.

"ಬೇಡ ಅಣ್ಣಾ" ಎಂದಳು. ದನಿ ನಡುಗುತ್ತಿತ್ತು, ಮಾತು ನಡುಗಲಿಲ್ಲ. "ನಿಮ್ಮ ಪ್ರೀತಿ ದೊಡ್ಡದು. ಆ ಅಜ್ಜಿ ಬಂದು ಪ್ರಾರ್ಥನೆ ಮಾಡ್ಲಿ, ಮೈಗೆ ಎಣ್ಣೆ ಹಚ್ಲಿ, ಅದು ಬೇಡ ಅನ್ನಲ್ಲ. ಕುಡಿಯೋ ಔಷಧಿ ಬೇಡ. ಮಾತ್ರೆ ಒಂದು ಹೊತ್ತೂ ನಿಲ್ಲಲ್ಲ. ಐದು ಸಂಜೆ ನಿಂತಾಗ ಏನಾಯ್ತು ಅಂತ ನಾನು ನೋಡಿದೀನಿ."

ಯಾಕೆ ನಿಂತಿತು ಎಂದು ಯಾರೋ ಕೇಳಿದರು.

"ನಾನು ನಿಲ್ಲಿಸಿದ್ದೆ" ಎಂದೆ ನಾನು.

ಒಫೆಂಗಾಕಿ ತಲೆ ತಗ್ಗಿಸಿ, "ನಿಮ್ಮ ಮಾತು" ಎಂದ. ಹೇಳಿದ್ದು ಬಾಗಿಲ ಕಡೆಗೆ.

ಲುಪೆ ಕೈಗಡಿಯಾರ ನೋಡಿಕೊಂಡಳು. ಹೊತ್ತಾಗಿತ್ತು. ಸೊಂಟದ ಚೀಲದಿಂದ ಬಾಟಲಿ ತೆಗೆದು ಮಗಳನ್ನು ಹತ್ತಿರ ಕರೆದಳು. ಲೆಸಿಯೆಲಿ ಮಕ್ಕಳ ಗುಂಪಿನಿಂದ ಎದ್ದು ಬಂದಳು. ಬಾಯಿಯಲ್ಲಿ ಇನ್ನೂ ಕಲ್ಲಂಗಡಿ ಇತ್ತು. ಲುಪೆ ಮಾತ್ರೆಗಳನ್ನು ಅಂಗೈಗೆ ಸುರಿದುಕೊಂಡು ಸುತ್ತ ನೋಡಿದಳು, ಲೋಟ ಖಾಲಿಯಾಗಿತ್ತು. ನೀರಿನ ಹೂಜಿ ನನ್ನ ಹಿಂದೆ ಮೂಲೆಯಲ್ಲಿತ್ತು.

"ಅತ್ತಿಗೆ, ಒಂಚೂರು ನೀರು" ಎಂದಳು, ಮನೆಯಲ್ಲಿ ದಿನಾ ಹೇಳುವ ಹಾಗೆ. ಹೇಳಿದ ಮೇಲೆ ಎಲ್ಲರೂ ಇದ್ದಾರೆಂದು ನೆನಪಾಗಿ ಬಾಯಿಗೆ ಕೈ ಇಟ್ಟುಕೊಂಡಳು.

ನಾನು ದಪ್ಪ ಚಾಪೆಯ ಮೇಲಿನಿಂದ ಎದ್ದೆ. ಮಂಡಿ ಹಿಡಿದುಕೊಂಡಿತ್ತು, ಯಾರೋ ಹುಡುಗಿ ನಾನು ತರುತ್ತೇನೆಂದು ಏಳಲು ಹೋದಳು. ಕೂತ್ಕೋ ಎಂದು ಅವಳಿಗೆ ಹೇಳಿ, ಹೂಜಿಯಿಂದ ನೀರು ಬಗ್ಗಿಸಿಕೊಂಡು, ಗಂಡಸರ ಮುಂದಿನಿಂದ ಹಾದು ಬಾಗಿಲ ಬಳಿಗೆ ಹೋದೆ.